ಕಾರು ಈ ದಡದಲ್ಲಿ, ನಾವು ಆ ದಡದಲ್ಲಿ

ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಆಗುವ ಹಿಂದಿನ ವರ್ಷದ ಮಾತು. ಆಗ ನೀರು ದಾಟಲು ಇದ್ದದ್ದು ಲಾಂಚ್, ಜನ, ವಾಹನ ಎರಡನ್ನೂ ಸಾಗಿಸುವ ದೊಡ್ಡ ದೋಣಿ. ಮಳೆ ಇನ್ನೂ ಹಿಡಿದಿರಲಿಲ್ಲ. ಹಿನ್ನೀರಿನ ಆಚೆ ತುಮರಿ ಹತ್ತಿರ ಅಕ್ಕನ ಮನೆಯಲ್ಲಿ ಮಗಳ ನಿಶ್ಚಿತಾರ್ಥ, ಹನ್ನೆರಡೂವರೆಗೆ ಮುಹೂರ್ತ. ನಾನು, ಅಮ್ಮ ಶಿವಮೊಗ್ಗದಿಂದ ಬೆಳಿಗ್ಗೆ ತಾಳಗುಪ್ಪ ರೈಲು ಹತ್ತಿದೆವು. ಅಮ್ಮನಿಗೆ 74 ವರ್ಷ, ಎರಡೂ ಮಂಡಿ ನೋವು. ಜೊತೆಗೆ ಹೂವಿನ ಎರಡು ಬುಟ್ಟಿ. ಸಾಗರದಲ್ಲಿ ಹೇಳಿಟ್ಟಿದ್ದ ಮೊಸರನ್ನೂ ನಾವೇ ಒಯ್ಯಬೇಕಿತ್ತು. ಇಪ್ಪತ್ತು ಲೀಟರಿನ ಎರಡು ಕ್ಯಾನು.

ರೈಲು ತಡವಾಯಿತು. ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ಇಳಿದು ನೋಡಿದರೆ ಹೇಳಿದ್ದ ಟ್ಯಾಕ್ಸಿ ಬೇರೆ ಬಾಡಿಗೆಗೆ ಹೋಗಿತ್ತು. ಇನ್ನೊಂದು ಹುಡುಕಿ, ಮೊಸರು ಹಾಕಿಸಿಕೊಂಡು ಊರು ಬಿಡುವಾಗ ಹತ್ತು ಗಂಟೆ. ಮೊಸರಿನವರು ಕ್ಯಾನಿನ ಬಾಯಿಗೆ ಬಾಡಿಸಿದ ಬಾಳೆಎಲೆ ಎರಡು ಸುತ್ತು ಇಟ್ಟು, ಅದರ ಮೇಲೆ ಮುಚ್ಚಳ ಒತ್ತಿ, ಬಟ್ಟೆ ಕಟ್ಟಿಕೊಟ್ಟಿದ್ದರು. ಇಡೀ ದಿನದಲ್ಲಿ ಒಂದು ಹನಿ ಚೆಲ್ಲಲಿಲ್ಲ.

ಆವಿನಹಳ್ಳಿಯಲ್ಲಿ ಎದುರಿಗೆ ಬಂದ ಬೈಕಿನವರು ಕೈ ಅಡ್ಡ ಹಾಕಿದರು. "ಲಾಂಚಿಗೆ ಕಾರು ಹಾಕ್ತಿಲ್ಲ ಕಣ್ರೀ, ಬರೀ ಜನ." ಡ್ರೈವರ್ ಹುಡುಗ ಈ ಕಡೆಯವನಲ್ಲ. ಅವನಿಗೆ ಗಾಬರಿ. ಸುತ್ತು ಹಾಕಿ ಹೋಗೋಣ ಅಂದ. ಹೊಸನಗರ, ನಗರ, ನಿಟ್ಟೂರು ಸುತ್ತಿದರೆ ಮುಹೂರ್ತ ಕಳೆದೇ ಹೋಗುತ್ತೆ. ನಾನು ಅಲ್ಲೇ ಕಾರು ನಿಲ್ಲಿಸಿ ಭಾವನಿಗೆ ಫೋನ್ ಮಾಡಿದೆ. ಮುಂದೆ ಹೋದರೆ ಸಿಗ್ನಲ್ ನಂಬುವ ಹಾಗಿಲ್ಲ. "ಕಳಸವಳ್ಳಿ ದಡಕ್ಕೆ ಜೀಪ್ ತನ್ನಿ ಭಾವ, ನಾವು ನಡೆದೇ ಲಾಂಚ್ ಹತ್ತುತ್ತೇವೆ" ಅಂದೆ. ಆ ಒಂದು ಫೋನ್ ನಮ್ಮ ದಿನ ಉಳಿಸಿತು.

ಬೇಸಿಗೆ ಕೊನೆಗೆ ವಾಹನ ನಿಲ್ಲಿಸೋದು ಯಾಕೆ ಅಂತ ಹೊರಗಿನವರು ಕೇಳುತ್ತಿದ್ದರು. ಲಿಂಗನಮಕ್ಕಿ ಅಣೆಕಟ್ಟು ತುಂಬಿದರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಆಗ ಲಾಂಚ್ ಬಂದು ದಡದ ಗಟ್ಟಿ ಇಳಿಜಾರಿಗೇ ತಾಗುತ್ತಿತ್ತು, ಬಸ್ಸೂ ಹತ್ತುತ್ತಿತ್ತು. ನೀರು ಇಳಿಯುತ್ತಾ ಹೋದ ಹಾಗೆ ಅದು ದೂರ ನಿಲ್ಲುತ್ತಿತ್ತು. ಹತ್ತುವ ಕಬ್ಬಿಣದ ಹಲಗೆ ಬಂದು ಕೂರುತ್ತಿದ್ದುದು ಕೆಸರಿನ ಮೇಲೆ. ಅಲ್ಲಿಗೆ ಕಾರು ಇಳಿಸಿದರೆ ಟಯರ್ ಹೂತು ಹೋಗುತ್ತಿತ್ತು. ಅದಕ್ಕೇ ನಿಲ್ಲಿಸುತ್ತಿದ್ದರು, ಸರಿಯಾಗೇ ಮಾಡುತ್ತಿದ್ದರು.

ಅಂಬಾರಗೋಡ್ಲು ದಡಕ್ಕೆ ಬಂದಾಗ ಹನ್ನೊಂದು. ಡಾಂಬರು ಮುಗಿದ ಮೇಲೆ ನೀರಿನವರೆಗೂ ಬಿರುಕು ಬಿಟ್ಟ ಕೆಂಪು ಮಣ್ಣು. ದನ ನಡೆದ ಗೊರಸಿನ ಗುರುತು ಒಣಗಿ ಇಟ್ಟಿಗೆ ಹಾಗೆ ಗಟ್ಟಿಯಾಗಿತ್ತು. ಅಲ್ಲಿ ಕಾಲು ಹೊರಳಿದರೆ ಮುಗಿಯಿತು. ಡ್ರೈವರ್ ಬಾಡಿಗೆ ತಗೊಂಡು ಹೊರಡಬಹುದಿತ್ತು. ಅವನು ಪ್ಯಾಂಟ್ ಮಡಿಸಿ ಒಂದು ಕ್ಯಾನು ಹೆಗಲಿಗೆ ಏರಿಸಿದ. ಇನ್ನೊಂದನ್ನು ಯಾರೋ ಸಂಬಂಧವಿಲ್ಲದವರು ಎತ್ತಿಕೊಂಡರು. ಹೂವಿನ ಬುಟ್ಟಿಗಳು ಕಾಲೇಜು ಹುಡುಗಿಯರ ಕೈಗೆ ಹೋದವು. ನನ್ನ ಕೈಯಲ್ಲಿ ಅಮ್ಮ ಮಾತ್ರ.

ಅರ್ಧ ದಾರಿಯಲ್ಲಿ ಅಮ್ಮ ನಿಂತಳು. ಮಂಡಿ ನೋವಿರಬೇಕು ಅಂದುಕೊಂಡೆ. ಅವಳು ನೋಡುತ್ತಿದ್ದದ್ದು ಮರದ ಬೊಡ್ಡೆಗಳನ್ನು. ನೀರು ಇಳಿದಾಗ ಅವು ಮೇಲೆ ಬರುತ್ತವೆ. ಕಪ್ಪಗೆ, ಸುಟ್ಟ ಹಾಗೆ. ಬುಡದ ಮಣ್ಣು ತೊಳೆದು ಹೋಗಿ, ಬೇರುಗಳು ಕಾಲಿನ ಹಾಗೆ ನೆಲ ಊರಿ ನಿಂತಿರುತ್ತವೆ. ಅಮ್ಮ ಒಂದರ ಹತ್ತಿರ ಹೋಗಿ ಅಂಗೈ ಇಟ್ಟಳು. "ಹಲಸಿರಬೇಕು" ಅಂದಳು.

ಅಮ್ಮನ ತವರು ಮುಳುಗಡೆ ಊರು. 1964ರಲ್ಲಿ ಜೋಗದ ಕರೆಂಟಿಗಾಗಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅವಳಿಗೆ 14 ವರ್ಷ. ಮನೆ, ತೋಟ, ಗದ್ದೆ ಎಲ್ಲ ನೀರಿನಡಿ ಹೋಯಿತು. ಅವರನ್ನು ಶಿವಮೊಗ್ಗದ ಕಡೆ ತಂದು ಕೂರಿಸಿದರು. ನೀರು ತೀರಾ ಇಳಿದ ವರ್ಷ ಅದಕ್ಕಿಂತ ಹಳೇ ಅಣೆಕಟ್ಟು, ಮಡೇನೂರಿನ ಹಿರೇಭಾಸ್ಕರವೂ ಮೇಲೆ ಕಾಣುತ್ತೆ. ಅದು ಮೊದಲು ಕಟ್ಟಿದ್ದು, ಆಮೇಲೆ ಅದೂ ಮುಳುಗಿತು. ಜೋಗದ ಕರೆಂಟು ಅಂದಾಗೆಲ್ಲ ನನಗೆ ಅಮ್ಮನ ಅಡಿಕೆ ತೋಟ ನೆನಪಾಗುತ್ತೆ. ನಾನು ಆ ತೋಟ ನೋಡಿದವನಲ್ಲ.

ಲಾಂಚ್ ಬಂತು. ಜನ ಜಾಸ್ತಿ ಇದ್ದರು. ಲಾಂಚಿನ ಸಿಬ್ಬಂದಿಯೊಬ್ಬರು "ಅಜ್ಜಿಗೆ ಜಾಗ ಬಿಡ್ರೋ" ಅಂತ ಕೂಗಿ, ಅಮ್ಮನ ಎರಡೂ ಕೈ ಹಿಡಿದು ಹಲಗೆ ಹತ್ತಿಸಿದರು. ಕ್ಯಾನಿನ ಮೇಲೆಯೇ ಅಮ್ಮನನ್ನು ಕೂರಿಸಿದೆ. ನಡುನೀರಿನಲ್ಲಿ ಇನ್ನೂ ಮುಗಿಯದ ಸೇತುವೆಯ ಕಂಬಗಳು. ಅಮ್ಮ ಅತ್ತ ನೋಡಲೇ ಇಲ್ಲ. ಬಗ್ಗಿ ನೀರನ್ನೇ ನೋಡುತ್ತಿದ್ದಳು. "ಇಲ್ಲಿ ಹೊಳೆ ಇತ್ತು, ದೋಣಿಯಲ್ಲಿ ದಾಟ್ತಿದ್ವಿ, ಇಷ್ಟು ಅಗಲ ಇರ್ಲಿಲ್ಲ" ಅಂದಳು.

ಆಚೆ ದಡದಲ್ಲಿ ಭಾವ ಜೀಪ್ ತಂದು ನಿಂತಿದ್ದರು. ಹನ್ನೆರಡೂ ಹತ್ತಕ್ಕೆ ಮನೆ ಮುಟ್ಟಿದೆವು. ಅಕ್ಕ ಅಮ್ಮನ ಕಾಲಿಗೆ ನೀರು ಹಾಕುವಾಗ ಪಾದದ ತುಂಬ ಕೆಂಪು ಮಣ್ಣು.

ಆಮೇಲೆ ಸೇತುವೆ ಆಗುವವರೆಗೂ ಅದೇ ಅಭ್ಯಾಸ ಮಾಡಿಕೊಂಡೆ. ಬೇಸಿಗೆ ಕೊನೆಗೆ ಹೋಗುವಾಗ ಈ ದಡಕ್ಕೆ ಒಂದು ಗಾಡಿ, ಆ ದಡಕ್ಕೆ ಇನ್ನೊಂದು. ಸಾಮಾನು ಒಬ್ಬರೇ ಎತ್ತುವಷ್ಟು ಭಾರದ ಗಂಟು. ಸಂಜೆ ವಾಪಸ್ ಬರುವುದಾದರೆ ಕೊನೆ ಲಾಂಚನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ, ಅದಕ್ಕಿಂತ ಒಂದೆರಡು ಮುಂಚಿನದ್ದಕ್ಕೆ ಬರುತ್ತಿದ್ದೆ.

2025ರ ಜುಲೈ 14ಕ್ಕೆ ಸೇತುವೆ ಶುರುವಾಯಿತು. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಹಿನ್ನೀರಿನಾಚೆ ದ್ವೀಪದ ಹಾಗೆ ಉಳಿದಿದ್ದ ತುಮರಿ ಕಡೆಯ ಜನ ಎಷ್ಟು ವರ್ಷ ಕಾದರು! ರಾತ್ರಿ ಹೆರಿಗೆ ನೋವು ಬಂದರೆ ಏನು ಮಾಡೋದು ಅನ್ನುವ ಭಯದಲ್ಲೇ ಬದುಕಿದವರು ಅವರು. ಸೇತುವೆ ಬಂದದ್ದಕ್ಕೆ ನನಗೆ ತುಂಬಾ ಸಂತೋಷ.

ದೀಪಾವಳಿಗೆ ಅಮ್ಮನನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಸೇತುವೆ ಮೇಲೆ ಬಂದಾಗ "ನಿಧಾನ ಹೋಗು ಮಗಾ" ಅಂದಳು. ಗಾಜು ಇಳಿಸಿ ಕೆಳಗೆ ನೋಡಿದಳು. ಮಳೆಗಾಲ ಮುಗಿದು ನೀರು ತುಂಬಿತ್ತು. ಒಂದು ಬೊಡ್ಡೆಯೂ ಕಾಣಲಿಲ್ಲ.