ಹಾಕಿ ಮೈದಾನಕ್ಕೆ ಜನ ಬಂದದ್ದು ಹೀಗೆ: ಬೆಳಗಾವಿಯ ನನ್ನ ಅನುಭವ

ಬೆಳಗಾವಿಯಲ್ಲಿ ಹಾಕಿ ನೋಡಲು ಜನ ಬರುತ್ತಾರೆ. ಈ ಮಾತನ್ನು ಈಗ ಯಾರ ಎದುರಿಗೂ ಹೇಳಬಲ್ಲೆ. ಕಳೆದ ಹಂಗಾಮಿನ ಕೊನೆಯ ಪಂದ್ಯದಲ್ಲಿ ನಮ್ಮ ಹುಡುಗಿಯರ ತಂಡದ ಆಟ ನೋಡಲು ಹೆಚ್ಚುಕಡಿಮೆ 500 ಮಂದಿ ಸೇರಿದ್ದರು. ಮೂರ್ನಾಲ್ಕು ವರ್ಷದ ಹಿಂದೆ ಇದೇ ಮೈದಾನದಲ್ಲಿ ಆಡುವವರು 22, ನೋಡುವವರು ಅದಕ್ಕಿಂತ ಕಮ್ಮಿ. ‘ಕ್ರಿಕೆಟ್ ಬಿಟ್ಟು ಇದನ್ಯಾರ ನೋಡ್ತಾರ್ರೀ ಸರ, ಸುಮ್ನ ರೊಕ್ಕ ಹಾಳ ಮಾಡಬ್ಯಾಡ್ರಿ’ ಎಂದವರ ಪೈಕಿ ಇಬ್ಬರು ಈಗ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಧಾರವಾಡ, ವಿಜಯಪುರ ಕಡೆ ತಂಡ ನಡೆಸುವ ಗೆಳೆಯರು ಹೇಗೆ ಮಾಡಿದಿರಿ ಅಂತ ಕೇಳುತ್ತಲೇ ಇದ್ದಾರೆ. ಅವರಿಗಾಗಿ ಇದು.

ಮೊದಲು ರೊಕ್ಕ ಎಲ್ಲೆಲ್ಲಿ ಹೋಯಿತು ಅಂತ ಹೇಳಿಬಿಡುತ್ತೇನೆ. ಮೊದಲ ವರ್ಷ 8x4 ಅಡಿಯ ಫ್ಲೆಕ್ಸ್ ಹತ್ತೋ ಹನ್ನೆರಡೋ ಹಾಕಿಸಿದೆವು. ಕಟ್ಟುವ ಕೂಲಿ ಸೇರಿ ಏಳು ಸಾವಿರದ ಹತ್ತಿರ. ಅದನ್ನು ನೋಡಿ ಬಂದೆ ಅಂದವರು ಒಬ್ಬರೂ ಸಿಗಲಿಲ್ಲ. ಆಮೇಲೆ ಉಪ್ಪಿಟ್ಟು-ಚಹಾ ಇಟ್ಟೆವು. ಜನ ಬಂದರು, ತಿಂದರು, ಎರಡನೇ ಕ್ವಾರ್ಟರ್, ಅಂದರೆ ಅರ್ಧ ಆಟ, ಮುಗಿಯುವ ಮೊದಲೇ ಹೋದರು. ಇನ್ನೊಂದು ಸಲ ದೊಡ್ಡ ಮನುಷ್ಯರೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆದೆವು. ಹಾರ, ಶಾಲು, ಪೆಂಡಾಲ್ ಅಂತ ನಾಲ್ಕೈದು ಸಾವಿರ ಖರ್ಚು. ಅವರು ಬಂದದ್ದು ಒಂದೂವರೆ ತಾಸು ತಡವಾಗಿ. ಮೈ ಬೆಚ್ಚಗೆ ಮಾಡಿಕೊಂಡು ನಿಂತ ಹುಡುಗಿಯರು ಭಾಷಣ ಕೇಳುತ್ತ ತಣ್ಣಗಾದರು. ಕೊನೆಯ ಕ್ವಾರ್ಟರ್‌ನಲ್ಲಿ ಚೆಂಡು ಕಾಣದಷ್ಟು ಕತ್ತಲು. ಅಂದಿನಿಂದ ನಮ್ಮ ಪಂದ್ಯಕ್ಕೆ ಅತಿಥಿ ಇಲ್ಲ, ಹಾರ ಇಲ್ಲ. ನಾಲ್ಕಕ್ಕೆ ಅಂದರೆ ನಾಲ್ಕಕ್ಕೆ ಶುರು. ಒಂದೂಕಾಲು ತಾಸಿನಲ್ಲಿ ಮುಗಿಯುವ ಆಟ ಇದು, ಅದೇ ಅದರ ದೊಡ್ಡ ಬಲ. ಕತ್ತಲಾಗುವ ಮೊದಲು ಮನೆ ಸೇರುತ್ತೀರಿ ಅಂತ ಹೇಳಿಯೇ ಕರೆಯುತ್ತೇನೆ.

ಇಷ್ಟೆಲ್ಲ ಆದರೂ ಪ್ರತಿ ಪಂದ್ಯಕ್ಕೆ ಕೊನೆಯ ಸೀಟಿ ಹೊಡೆಯುವ ತನಕ ನಿಲ್ಲುತ್ತಿದ್ದವರು ಯಾರು? ಆಡುವ ಹುಡುಗಿಯ ಅಪ್ಪ, ಕಾಕಾ, ಪಕ್ಕದ ಮನೆಯ ಅಕ್ಕ. ಅವರಿಗೆ ಹಾಕಿ ಗೊತ್ತಿಲ್ಲ, ಹುಡುಗಿ ಗೊತ್ತು. ಅಲ್ಲಿಂದ ದಾರಿ ಸಿಕ್ಕಿತು. ಊರಿಗೆಲ್ಲ ಒಂದು ಪ್ರಚಾರ ಮಾಡುವುದನ್ನು ಬಿಟ್ಟು, ಒಬ್ಬೊಬ್ಬ ಆಟಗಾರ್ತಿಯನ್ನು ಅವಳ ಗಲ್ಲಿಗೆ ಒಪ್ಪಿಸಿದೆ. ನಮ್ಮ ತಂಡದಲ್ಲಿ ಕ್ಯಾಂಪ್, ಶಹಾಪುರ, ವಡಗಾವಿ, ಅನಗೋಳ, ಹಿಂಡಲಗಾ ಹೀಗೆ ಎಲ್ಲ ಕಡೆಯವರಿದ್ದಾರೆ. ಪ್ರತಿ ಗಲ್ಲಿಗೆ ಒಂದು ಗಣೇಶೋತ್ಸವ ಮಂಡಳ ಇದ್ದೇ ಇರುತ್ತದೆ, ನಿಮಗೆ ಗೊತ್ತಿರುವುದೇ. ಮೆರವಣಿಗೆಗೆ ರಾತ್ರಿಯೆಲ್ಲ ದುಡಿಯುವ ಹುಡುಗರು ಅವರು. ವರ್ಷದ ಉಳಿದ ದಿನ ಅವರ ಕೈಗೆ ಇಂಥ ಕೆಲಸ ಯಾರೂ ಕೊಟ್ಟಿರಲಿಲ್ಲ.

ಆ ಹುಡುಗರ ಕೈಗೆ ಕೊಟ್ಟದ್ದು ಕಪ್ಪು-ಬಿಳುಪು ಹ್ಯಾಂಡ್‌ಬಿಲ್, ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ತಂಡದ ಹೆಸರು ಸಣ್ಣದು, ಹುಡುಗಿಯ ಹೆಸರು ಮತ್ತು ಜೆರ್ಸಿ ನಂಬರ್ ದೊಡ್ಡದು. ‘ನಮ್ಮ ಗಲ್ಲಿಯ 7ನೇ ನಂಬರ್, ಭಾನುವಾರ 4ಕ್ಕೆ.’ ಗಲ್ಲಿಗೆ ನೂರು ಸಾಕು. ಎಲ್ಲ ಸೇರಿ ಒಂದು ಪಂದ್ಯಕ್ಕೆ ಏಳೆಂಟುನೂರು ರೂಪಾಯಿ, ಅಷ್ಟೇ. ಫ್ಲೆಕ್ಸ್‌ಗೆ ಸುರಿದದ್ದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮಂಡಳದವರನ್ನು ಮೊದಲ ಸಲ ಒಪ್ಪಿಸುವುದಕ್ಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ವರ್ಷ ಇನ್ನೂ ನಾಲ್ಕು ಮಂಡಳ ಸೇರಿಸಬೇಕಿದೆ.

ಬಂದವರನ್ನು ನಿಲ್ಲಿಸಿದ್ದು ಮೈಕ್. ಇದನ್ನು ನಮ್ಮ ತರಬೇತುದಾರರೇ ಒಪ್ಪಿರಲಿಲ್ಲ. ಹುಡುಗಿಯರ ಗಮನ ಹೋಗುತ್ತದೆ ಅಂದರು. ಆದರೆ ಹೊರಗೆ ನಿಂತವನಿಗೆ ಸೀಟಿ ಯಾಕೆ ಹೊಡೆದರು ಅಂತಲೇ ತಿಳಿಯದಿದ್ದರೆ ಅವನು ಯಾಕೆ ನಿಲ್ಲಬೇಕು? ಮೈಕ್ ಸೆಟ್‌ನವರು ಪಂದ್ಯಕ್ಕೆ 1,800 ಕೇಳಿದರು, ಹಂಗಾಮು ಪೂರ್ತಿ ಕೊಡುತ್ತೇವೆ ಅಂದಾಗ ಸಾವಿರಕ್ಕೆ ಇಳಿದರು. ನಾನೇ ಮಾತಾಡುತ್ತೇನೆ. ಕನ್ನಡ, ನಡುನಡುವೆ ಮರಾಠಿ, ಕ್ಯಾಂಪ್ ಕಡೆಯವರಿಗೆ ಒಂದೆರಡು ಮಾತು ಉರ್ದು.

ಪೆನಾಲ್ಟಿ ಕಾರ್ನರ್ (ಗೋಲಿನ ಮುಂದಿನ ವೃತ್ತದೊಳಗೆ ರಕ್ಷಿಸುವವರು ತಪ್ಪು ಮಾಡಿದರೆ ಎದುರಾಳಿಗೆ ಸಿಗುವ ಅವಕಾಶ) ಬಂದಾಗ ಮೈಕಿನ ಬೆಲೆ ಗೊತ್ತಾಗುತ್ತದೆ. ‘ನಮ್ಮವರು ಕೀಪರ್ ಸೇರಿ ಐದೇ ಮಂದಿ ಗೋಲುಗೆರೆಯ ಹಿಂದೆ, ಉಳಿದವರು ನಡುಗೆರೆಯಾಚೆ. ಚೆಂಡು ವೃತ್ತದ ಹೊರಗೆ ಬಂದ ಮೇಲೆಯೇ ಗೋಲಿಗೆ ಹೊಡೆಯಬಹುದು, ನೋಡ್ತಾ ಇರಿ’ ಅಂದರೆ ಇಡೀ ಗುಂಪು ಉಸಿರು ಬಿಗಿಹಿಡಿಯುತ್ತದೆ. ಹಳೆಯ ಆಟ ನೋಡಿದ ಹಿರಿಯರು ‘ಆಫ್‌ಸೈಡ್, ಆಫ್‌ಸೈಡ್’ ಅಂತ ಕೂಗುತ್ತಿದ್ದರು. ಚೆಂಡು ಬರುವ ಮೊದಲೇ ಎದುರಾಳಿ ಗೋಲಿನ ಹತ್ತಿರ ಹೋಗಿ ನಿಲ್ಲದಂತೆ ತಡೆಯುತ್ತಿದ್ದ ಆ ನಿಯಮ 1990ರ ದಶಕದಲ್ಲೇ ಹೋಯಿತು ಅಂತ ಮೈಕಿನಲ್ಲಿ ವಿವರಿಸಿದೆ. ಆಟದ ನಂತರ ಅವರಲ್ಲಿ ಒಬ್ಬರು ಬಂದು, 35 ನಿಮಿಷದ ಎರಡು ಹಾಫ್ ಹೋಗಿ 15 ನಿಮಿಷದ ನಾಲ್ಕು ಕ್ವಾರ್ಟರ್ ಆದದ್ದರ ಬಗ್ಗೆ ಅರ್ಧ ತಾಸು ಚರ್ಚೆ ಮಾಡಿದರು. ಈಗ ಒಂದು ಪಂದ್ಯವನ್ನೂ ಬಿಡುವುದಿಲ್ಲ. ಒಂದು ಎಚ್ಚರಿಕೆ: ಎದುರಾಳಿ ತಂಡದ ಹುಡುಗಿಯರ ಹೆಸರೂ ಮೊದಲೇ ಬರೆದುಕೊಳ್ಳಿ. ಅವರ ಒಳ್ಳೆಯ ಆಟಕ್ಕೂ ಚಪ್ಪಾಳೆ ಕೇಳಿ. ಅವರ ಊರಿನವರೂ ಮುಂದಿನ ಸಲ ಬರುತ್ತಾರೆ.

ಹೆಂಗಸರು ಬರಬೇಕು ಅಂದರೆ ಕುರ್ಚಿ ಮತ್ತು ಶೌಚಾಲಯ. ಬೇರೆ ಗುಟ್ಟು ಏನೂ ಇಲ್ಲ. ಹತ್ತಿರದ ಶಾಲೆಯವರನ್ನು ಕೇಳಿ ಶೌಚಾಲಯದ ಬೀಗ ತೆಗೆಸಿದೆವು, ಆಟ ಮುಗಿದ ಮೇಲೆ ನಾವೇ ತೊಳೆದು ಕೊಡುತ್ತೇವೆ. ಕುರ್ಚಿ ಒಂದಕ್ಕೆ ಏಳೋ ಎಂಟೋ ರೂಪಾಯಿ ಬಾಡಿಗೆ, 60 ತರಿಸುತ್ತೇವೆ. ಇದಾದ ಮೇಲೆ ತಾಯಂದಿರು ಬಂದರು, ಅವರ ಜೊತೆ ಚಿಕ್ಕ ಹುಡುಗಿಯರೂ ಬಂದರು. ಆ ಚಿಕ್ಕವರಲ್ಲಿ ಎಂಟೊಂಬತ್ತು ಮಂದಿ ಈಗ ಬೆಳಗಿನ ಅಭ್ಯಾಸಕ್ಕೆ ಬರುತ್ತಾರೆ. ನನಗೆ 500ರ ಲೆಕ್ಕಕ್ಕಿಂತ ಇದೇ ಜಾಸ್ತಿ ಖುಷಿ ಕೊಟ್ಟದ್ದು.

ಮಣ್ಣಿನ ಮೈದಾನದವರಿಗೆ ಎರಡು ಮಾತು. ಹಿಂದಿನ ಸಂಜೆ ಟ್ಯಾಂಕರ್ ನೀರು ಹೊಡೆಸಿ. 700-800 ಹೋಗುತ್ತದೆ, ಆದರೆ ಧೂಳಿಲ್ಲದಿದ್ದರೇ ಜನ ಕೂರುವುದು. ಗೋಲಿನ ಹಿಂದೆ ಯಾರನ್ನೂ ನಿಲ್ಲಿಸಬೇಡಿ. ಬದಿಗೆರೆಯಿಂದ ಹತ್ತು ಹೆಜ್ಜೆ ದೂರ ಹಗ್ಗ ಕಟ್ಟಿ. 160 ಗ್ರಾಂನ ಗಟ್ಟಿ ಚೆಂಡು ಕಲ್ಲಿಗೆ ತಾಗಿ ಎದ್ದರೆ ಎಲ್ಲಿ ಹೋಗುತ್ತದೆ ಅಂತ ಹೇಳಲಾಗದು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಫೋನಿನಲ್ಲಿ ನೇರ ಪ್ರಸಾರ ಇಟ್ಟೆವು. ನೋಡಿದವರು ಐವತ್ತು-ಅರವತ್ತು, ಮೈದಾನಕ್ಕೆ ಬರುವವರೂ ಕಮ್ಮಿಯಾದರು. ನಿಲ್ಲಿಸಿದೆ. ಡೋಲ್-ತಾಶಾ ತಂದೆವು. ಆಟದ ನಡುವೆ ಬಾರಿಸಿದರೆ ಅಂಪೈರ್ ಸೀಟಿ ಕೇಳುವುದಿಲ್ಲ, ಹಾಗಾಗಿ ಕ್ವಾರ್ಟರ್ ನಡುವಿನ ಎರಡು ನಿಮಿಷಕ್ಕೆ ಮಾತ್ರ ಬಿಟ್ಟೆವು. ಅರ್ಧ ಆಟ ಮುಗಿದ ಮೇಲಿನ ಹತ್ತು ನಿಮಿಷದ ವಿರಾಮದಲ್ಲಿ ನಮ್ಮ ಕೀಪರ್ ಎದುರು ಪೆನಾಲ್ಟಿ ಸ್ಟ್ರೋಕ್, ಒಂದು ಹೊಡೆತಕ್ಕೆ ಹತ್ತು ರೂಪಾಯಿ. 6.40 ಮೀಟರ್ ದೂರದಿಂದ ಗೋಲು ಹೊಡೆಯುವುದು ಸುಲಭ ಅಂತ ಬಂದ ಟೆನ್ನಿಸ್ ಬಾಲ್ ಕ್ರಿಕೆಟ್ ಹುಡುಗರನ್ನು ಅವಳು ಸಾಲಾಗಿ ತಡೆದಳು. ಆ ದಿನವೇ ಅವಳಿಗೆ ಅಭಿಮಾನಿ ಬಳಗ ಹುಟ್ಟಿತು. ಆ ಆಟದಿಂದ ಸಂಜೆಗೆ ಮುನ್ನೂರು-ನಾನೂರು ಬರುತ್ತದೆ.

ನೋಡುವವರಿಗೆ ಹಂಗಾಮಿಗೆ 100 ರೂಪಾಯಿಯ ಕಾರ್ಡ್ ಮಾಡಿದೆವು. ಸುಮಾರು 180 ಹೋದವು. ಕಾರ್ಡಿನ ಮೇಲೆ ಇನ್ನೊಂದು ಸಣ್ಣ ಸಂಗತಿ ಅಚ್ಚು ಹಾಕಿಸುತ್ತೇವೆ, ಅದರಿಂದಲೇ ಅರ್ಧ ಕಾರ್ಡ್ ಖರ್ಚಾಗುವುದು. ಅದೂ ನನ್ನಲ್ಲೇ ಇರಲಿ. ಈ ರೊಕ್ಕ ಮತ್ತು ಜನ ಡಬ್ಬಿಗೆ ಹಾಕಿದ ರೊಕ್ಕ ಸೇರಿಸಿ ಕೀಪರ್‌ಗೆ ಹೊಸ ಪ್ಯಾಡ್, ಪಾದಕ್ಕೆ ಕಟ್ಟುವ ಕಿಕ್ಕರ್, ಹೆಲ್ಮೆಟ್ ತಂದೆವು, 25 ಸಾವಿರದ ಆಸುಪಾಸು. ಬಿಲ್ಲನ್ನು ಮೈದಾನದ ಬೋರ್ಡಿಗೆ ಅಂಟಿಸಿದೆ. ಅದಾದ ಮೇಲೆ ಡಬ್ಬಿಗೆ ಬೀಳುವುದೂ ಹೆಚ್ಚಾಯಿತು.

ಇನ್ನು ಬೆಳಗಾವಿಯ ಆಟಪ್ರಿಯರಿಗೆ ನೇರವಾಗಿ ಹೇಳುತ್ತೇನೆ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಆಡಿದ ಬಂಡು ಪಾಟೀಲ ನಮ್ಮ ಊರಿನವರು. 2021ರಲ್ಲಿ ಅದೇ ಟೋಕಿಯೋದಲ್ಲಿ ಪುರುಷರ ತಂಡ 41 ವರ್ಷದ ಮೇಲೆ ಪದಕ ತಂದಾಗ, ಮಹಿಳೆಯರು ನಾಲ್ಕನೆಯವರಾಗಿ ಅತ್ತಾಗ, ನಾವೆಲ್ಲ ಟಿವಿ ಮುಂದೆ ಕೂತು ಅತ್ತೆವು ಅಲ್ವಾ? ಆ ಕಣ್ಣೀರು ನಿಜವೇ. ಹಾಗಿದ್ದ ಮೇಲೆ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ, ಸೈಕಲ್ ಮೇಲೆ ಸ್ಟಿಕ್ ಕಟ್ಟಿಕೊಂಡು ಬಂದು, ಕಲ್ಲು ಆರಿಸಿ ಆಡುವ ಈ ಹುಡುಗಿಯರನ್ನು ನೋಡಲೂ ಬನ್ನಿ. ಕ್ರಿಕೆಟ್ ಬಿಡಿ ಅಂತ ಕೇಳುತ್ತಿಲ್ಲ. ತಿಂಗಳಿಗೆ ಎರಡು ಭಾನುವಾರ ಸಂಜೆ ಕೊಡಿ.

ಮಳೆ ಮುಗಿದು ಮೈದಾನ ಗಟ್ಟಿಯಾದ ಮೇಲೆ, ನವೆಂಬರ್ ಹೊತ್ತಿಗೆ ಮತ್ತೆ ಶುರು ಮಾಡುತ್ತೇವೆ. ಈ ಸಲ ಧಾರವಾಡದ ಪಂದ್ಯಕ್ಕೆ ನೋಡುವವರಿಗೂ ಒಂದು ಬಸ್ ಮಾಡುವ ವಿಚಾರ ಇದೆ. ತಲೆಗೆ 200-250 ಬೀಳಬಹುದು. ವಡಗಾವಿಯ ಮಂಡಳದವರು ಆಗಲೇ ಇಪ್ಪತ್ತರ ಹತ್ತಿರ ಹೆಸರು ಕೊಟ್ಟಿದ್ದಾರೆ. ಉಳಿದ ಗಲ್ಲಿಯವರು ದಸರಾ ಮುಗಿಯುವುದರೊಳಗೆ ಹೆಸರು ಬರೆಸಿ, ಬಸ್ಸಿನವರಿಗೆ ಮುಂಗಡ ಕೊಡಬೇಕು.