ಗುಳಿ ಇಲ್ಲದ ಮುದ್ದೆ: ಪುಟ್ಟ ಕಣ್ಣುಗಳನ್ನು ಅಳೆಯುತ್ತಾ ನಾನು ಕಲಿತದ್ದು

ಚಾರ್ಟಿನಲ್ಲಿ ‘ಮ’ ಇದ್ದ ಕಡೆ ಹುಡುಗಿ ‘ವ’ ಅಂದಳು. ಪಕ್ಕದ ‘ಷ’ ಅವಳಿಗೆ ‘ಪ’ ಆಯಿತು. ಷಕಾರದ ಹೊಟ್ಟೆಯೊಳಗಿನ ಆ ಸಣ್ಣ ಗೆರೆ ಅವಳಿಗೆ ಕಾಣುತ್ತಿರಲಿಲ್ಲ. ತಪ್ಪು ಹೇಳುತ್ತಿದ್ದೇನೆ ಅನ್ನುವ ಅಳುಕು ಮಾತ್ರ ಇತ್ತು, ಒಂದೊಂದು ಅಕ್ಷರಕ್ಕೂ ಅಮ್ಮನ ಮುಖ ನೋಡುತ್ತಿದ್ದಳು. ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಮೂಗಿನ ತುದಿಗೆ ಜಾರಿದ್ದ ದಪ್ಪ ಪ್ಲಸ್ ಕನ್ನಡಕದೊಳಗೆ ಕಣ್ಣು ಅಗಲವಾಗಿ ಕಾಣುತ್ತಿತ್ತು. ಕನ್ನಡಕ ತೆಗೆಸಿದೆ. ಪುಟ್ಟ ಕಣ್ಣು, ಒಳಗೆ ಸೇರಿಕೊಂಡಂತಿತ್ತು.

“ಮೂರು ವರ್ಷದಿಂದ ಪ್ಯಾಚ್ ಹಾಕ್ತಿದ್ದೀವಿ ಮೇಡಂ, ಒಂದು ದಿನ ಈ ಕಣ್ಣಿಗೆ, ಒಂದು ದಿನ ಆ ಕಣ್ಣಿಗೆ. ಕಿತ್ತು ಬಿಸಾಡ್ತಾಳೆ. ಹಠ ಜಾಸ್ತಿ. ಅದಕ್ಕೇ ದೃಷ್ಟಿ ಸುಧಾರಿಸ್ತಿಲ್ಲ ಅಂದ್ರು,” ಎಂದರು ತಾಯಿ. ಫೈಲಿನಲ್ಲಿ ‘ಸೋಮಾರಿ ಕಣ್ಣು’ ಎಂದು ಬರೆದಿತ್ತು, ಅಂದರೆ ಮಿದುಳು ಕಣ್ಣನ್ನು ಸರಿಯಾಗಿ ಬಳಸಲು ಕಲಿತಿಲ್ಲ ಎಂದು. ಒಂದು ಕಣ್ಣು ಮುಚ್ಚಿ ಇನ್ನೊಂದಕ್ಕೆ ಕೆಲಸ ಕೊಡಲು ಹಾಕುವುದೇ ಪ್ಯಾಚ್. ಮೂರು ವರ್ಷದ ಕಾಗದಗಳಲ್ಲಿ ಕಣ್ಣಿನ ಉದ್ದ, ಅಂದರೆ ಮುಂದಿನಿಂದ ಹಿಂದಿನವರೆಗಿನ ಅಳತೆ, ಎಲ್ಲೂ ಇರಲಿಲ್ಲ.

ಬೆಂಗಳೂರಿನ ಚಾಮರಾಜಪೇಟೆ ಕಡೆಯ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ನಾನು ಆಪ್ಟೋಮೆಟ್ರಿಸ್ಟ್. ಪವರ್ ನೋಡುವುದು, ಕಣ್ಣಿನ ಉದ್ದ ಅಳೆಯುವುದು, ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ರೆಟಿನಾದ ಓಸಿಟಿ (ಪದರಪದರವಾಗಿ ತೋರಿಸುವ, ಬೆಳಕಿನ ಸ್ಕ್ಯಾನ್) ತೆಗೆಯುವುದು ನನ್ನ ಕೆಲಸ. ಅತಿ ಪುಟ್ಟ ಕಣ್ಣಿನವರು ವರ್ಷಕ್ಕೆ ಬೆರಳೆಣಿಕೆಯಷ್ಟು ಜನ ಬರುತ್ತಾರೆ. ಅವರ ವಿಷಯದಲ್ಲಿ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಲವತ್ತು ದಾಟಿದ ಒಬ್ಬರು ಬಂದಿದ್ದರು. ಪ್ಲಸ್ 12 ಕನ್ನಡಕ, ಸಂಜೆ ಹೊತ್ತು ತಲೆನೋವು. ಕಣ್ಣಿನ ನರದ ಓಸಿಟಿ ತೆಗೆದೆ. ರಿಪೋರ್ಟ್ ಪೂರ್ತಿ ಹಸಿರು. ‘ನರದ ಪದರ ನಾರ್ಮಲ್’ ಎಂದು ಬರೆದು ಒಳಗೆ ಕಳಿಸಿದೆ. ಡಾಕ್ಟರು ಕೋನ ನೋಡುವ ಪರೀಕ್ಷೆ, ಗೋನಿಯೋಸ್ಕೋಪಿ, ಮಾಡಿದಾಗ ಕಣ್ಣಿನೊಳಗಿನ ನೀರು ಹೊರಹೋಗುವ ಕೋನ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು, ಒತ್ತಡ ಏರಿತ್ತು. ಸುತ್ತಲಿನ ನೋಟ ಅಳೆಯುವ ಫೀಲ್ಡ್ ಟೆಸ್ಟಿನಲ್ಲಿ ಮೂಗಿನ ಕಡೆಯ ದೃಷ್ಟಿ ಆಗಲೇ ಹೋಗಿತ್ತು. ಕಣ್ಣಿನ ನರ ಹಾಳಾಗುವ ಗ್ಲಾಕೋಮಾ. ನನ್ನ ಹಸಿರು ಕಾಗದ ನಂಬಿ ಕಳಿಸಿದ್ದರೆ ಏನಾಗುತ್ತಿತ್ತು ಎಂದು ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಹಸಿರು ಏಕೆ ಬಂತು? ನಮ್ಮ ಓಸಿಟಿ ಯಂತ್ರ ನರದ ಸುತ್ತ 3.46 ಮಿ.ಮೀ. ಅಗಲದ ವೃತ್ತ ಎಳೆದು ಅಲ್ಲಿನ ಪದರದ ದಪ್ಪ ಅಳೆಯುತ್ತದೆ. ಆ 3.46 ಎನ್ನುವ ಲೆಕ್ಕ ಸುಮಾರು 24.5 ಮಿ.ಮೀ. ಉದ್ದದ ಕಣ್ಣಿಗೆ ಮಾತ್ರ ಸರಿ. ಕಣ್ಣು ಗಿಡ್ಡವಾದಷ್ಟೂ ಅದೇ ಕಿರಣ ರೆಟಿನಾದ ಮೇಲೆ ಕಡಿಮೆ ಜಾಗದಲ್ಲಿ ಬೀಳುತ್ತದೆ. ಅವರ ಕಣ್ಣು 18 ಮಿ.ಮೀ. ಇತ್ತು. ಕಣ್ಣಿನ ಉದ್ದ ನೋಡಿ ನಿಜವಾದ ಅಳತೆ ಲೆಕ್ಕ ಹಾಕುವ ಬೆನೆಟ್ ಸೂತ್ರ ಹಾಕಿದರೆ ವೃತ್ತ ನಿಜವಾಗಿ ಬಿದ್ದದ್ದು ಸುಮಾರು 2.5 ಮಿ.ಮೀ.ಗೆ. ನರಕ್ಕೆ ಹತ್ತಿರವಾದಷ್ಟೂ ತಂತುಗಳು ಒತ್ತೊತ್ತಾಗಿರುತ್ತವೆ, ದಪ್ಪ ಹೆಚ್ಚು ಬರುತ್ತದೆ. ತೆಳ್ಳಗಾಗುತ್ತಿದ್ದ ಪದರ ಹಾಗೆ ಹಸಿರಾಗಿಬಿಟ್ಟಿತ್ತು. ಆ ಬಣ್ಣಗಳೂ ಹದಿನೆಂಟು ದಾಟಿದ, ವಿಪರೀತ ಪವರ್ ಇಲ್ಲದವರ ಕಣ್ಣಿಗೆ ಹೋಲಿಸಿ ಬರುವಂಥವು. ಅಂದಿನಿಂದ, ದಪ್ಪ ಪ್ಲಸ್ ಕನ್ನಡಕದವರು ಯಾರು ಬಂದರೂ ಕಣ್ಣಿನ ಉದ್ದ ಅಳೆಯದೆ ಓಸಿಟಿ ಮುಂದೆ ಕೂರಿಸುವುದಿಲ್ಲ.

ಹುಡುಗಿಯ ಕಣ್ಣನ್ನೂ ಹಾಗೇ ಮೊದಲು ಅಳೆದೆ. ಬಲಗಣ್ಣು 16.9 ಮಿ.ಮೀ., ಎಡಗಣ್ಣು 17.0. ಹುಟ್ಟಿದ ಮಗುವಿನ ಕಣ್ಣು ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ದೊಡ್ಡವರದ್ದು 23ರಿಂದ 24. ಒಂದು ಮಿ.ಮೀ. ಗಿಡ್ಡವಾದರೆ ಸುಮಾರು 3 ಡಯಾಪ್ಟರ್ (ಪವರಿನ ಅಳತೆ) ಪ್ಲಸ್ ಬೇಕಾಗುತ್ತದೆ. ಬೆಳಕಿನಿಂದ ಅಳೆಯುವ ಯಂತ್ರಕ್ಕೆ ಅವಳು ಚೆನ್ನಾಗಿ ಸಹಕರಿಸಿದಳು, ಒಳ್ಳೆಯದೇ ಆಯಿತು. ಅಲ್ಟ್ರಾಸೌಂಡ್ ಪ್ರೋಬಿನಲ್ಲಾದರೆ ಕೈ ಸ್ವಲ್ಪ ಒತ್ತಿದರೂ ಅಳತೆ ಕಮ್ಮಿ ಬರುತ್ತದೆ. ಪುಟ್ಟ ಕಣ್ಣಿನಲ್ಲಿ ಅಷ್ಟು ಸಣ್ಣ ತಪ್ಪೂ ಲೆಕ್ಕ ಕೆಡಿಸುತ್ತದೆ.

ಇಂಥ ಕಣ್ಣಿಗೆ ನ್ಯಾನೋಫ್ಥಾಲ್ಮೋಸ್ ಎನ್ನುತ್ತಾರೆ. ಕಣ್ಣಿನ ಗೂಡು ಚಿಕ್ಕದು, ಒಳಗಿನ ಲೆನ್ಸ್ ಮಾತ್ರ ಮಾಮೂಲಿ ಗಾತ್ರದ್ದು. ಹಾಗಾಗಿ ಮುಂದಿನ ಕೋಣೆ ಇಕ್ಕಟ್ಟು. ಪಾಪೆ ಹಿಗ್ಗಿಸುವ ಹನಿ ಹಾಕುವ ಮೊದಲು ಕೋನ ನೋಡಲೇಬೇಕು, ಹನಿಯೇ ಕೋನ ಮುಚ್ಚಿಸಿ ಒತ್ತಡ ಏರಿಸಬಹುದು. ಸಾಲಿನಲ್ಲಿ ಎಷ್ಟೇ ಜನ ಕಾದಿರಲಿ, ಡಾಕ್ಟರು ಕೋನ ನೋಡಿ ಹೂಂ ಅನ್ನುವವರೆಗೆ ನಾನು ಹನಿ ಬಾಟಲಿ ಮುಟ್ಟುವುದಿಲ್ಲ. ಓಸಿಟಿಯನ್ನು ಹನಿ ಇಲ್ಲದೆಯೇ ತೆಗೆದೆ.

ರೆಟಿನಾದ ನಟ್ಟನಡುವೆ ಫೋವಿಯಾ ಇರುತ್ತದೆ. ಅಕ್ಷರ ಓದುವುದು, ಮುಖ ಗುರುತಿಸುವುದು ಎಲ್ಲ ಅಲ್ಲಿಂದಲೇ. ಓಸಿಟಿಯಲ್ಲಿ ಅದು ಸಾರು ಹಾಕಿಕೊಳ್ಳಲು ರಾಗಿ ಮುದ್ದೆಯಲ್ಲಿ ಹೆಬ್ಬೆಟ್ಟು ಒತ್ತಿದ ಗುಳಿಯಂತೆ ಕಾಣುತ್ತದೆ. ಮಗು ಹೊಟ್ಟೆಯಲ್ಲಿರುವಾಗಲೇ ಒಳಪದರಗಳು ಅಲ್ಲಿಂದ ಬದಿಗೆ ಸರಿಯಲು ಶುರುವಾಗುತ್ತವೆ, ಹುಟ್ಟಿದ ಮೇಲೂ ಆ ಕೆಲಸ ನಡೆದಿರುತ್ತದೆ. ಹಾಗೆ ಸರಿದ ಜಾಗದಲ್ಲಿ ಬೆಳಕು ಹಿಡಿಯುವ ಶಂಕುಕೋಶಗಳು ಒತ್ತೊತ್ತಾಗಿ ಕೂರುತ್ತವೆ.

ಹುಡುಗಿಯ ಮುದ್ದೆಯಲ್ಲಿ ಗುಳಿಯೇ ಇರಲಿಲ್ಲ. ಸರಿದು ಹೋಗಬೇಕಿದ್ದ ಒಳಪದರಗಳು ನಡುವೆ ಹಾಗೇ ಉಳಿದಿದ್ದವು. ಎಡಗಣ್ಣಿನಲ್ಲಿ ಫೋವಿಯಾದಿಂದ ನರದ ಕಡೆಗೆ ರೆಟಿನಾ ಒಂದು ಮಡಿಕೆಯಾಗಿ ಎದ್ದಿತ್ತು. ಹೊರಗೋಡೆ ಬೆಳೆಯುವುದನ್ನು ನಿಲ್ಲಿಸಿದರೂ ಒಳಗಿನ ರೆಟಿನಾ ಬೆಳೆಯುತ್ತದೆ. ಉಳಿದ ಬಟ್ಟೆ ಸೀರೆಯ ನಿರಿಗೆಯಾಗುವಂತೆ ಹೆಚ್ಚಾದ ರೆಟಿನಾ ಮಡಿಚಿಕೊಳ್ಳುತ್ತದೆ. ಅದರ ಕೆಳಗಿನ ವರ್ಣಕ ಪದರ ಮಾತ್ರ ಚಪ್ಪಟೆಯಾಗಿಯೇ ಇತ್ತು. ರಕ್ತನಾಳಗಳನ್ನು ತೋರಿಸುವ ಓಸಿಟಿ ಆಂಜಿಯೋಗ್ರಫಿಯಲ್ಲಿ ನಡುವೆ ರಕ್ತನಾಳ ಇಲ್ಲದ ಬಯಲು ಕಾಣಬೇಕು. ಇವಳಲ್ಲಿ ಸಣ್ಣ ನಾಳಗಳು ಆ ಬಯಲಿನ ಮೇಲೂ ಹರಡಿದ್ದವು. ರೆಟಿನಾದ ಹಿಂದಿನ ರಕ್ತನಾಳಗಳ ಪದರ, ಕೋರಾಯ್ಡ್, ಸಾಮಾನ್ಯಕ್ಕಿಂತ ದಪ್ಪ. ಸಮಾಧಾನದ ವಿಷಯವೂ ಒಂದಿತ್ತು: ಹೊರಗಿನ ಪದರದಲ್ಲಿ ಶಂಕುಕೋಶಗಳ ಸಾಲು ಮುರಿಯದೆ, ನಡುವೆ ಒಂದಿಷ್ಟು ದಪ್ಪವಾಗಿಯೇ ಇತ್ತು. ಗುಳಿ ಇಲ್ಲದಿದ್ದರೂ ಆ ಸಾಲು ಚೆನ್ನಾಗಿದ್ದವರಿಗೆ ದೃಷ್ಟಿ ಕೈ ಬಿಡುವುದಿಲ್ಲ.

ಯಂತ್ರ 6 ಮಿ.ಮೀ. ಸ್ಕ್ಯಾನ್ ಎಂದು ತೋರಿಸಿದ್ದು ಅವಳ ಕಣ್ಣಿನಲ್ಲಿ ಸುಮಾರು 4 ಮಿ.ಮೀ. ಅದನ್ನು ರಿಪೋರ್ಟಿನ ಮೇಲೆ ಕೈಯಲ್ಲೇ ಬರೆದೆ. ಬಣ್ಣದ ಚಾರ್ಟಿನ ಮೇಲೆ ಅಡ್ಡಗೆರೆ ಎಳೆದು ‘ಹೋಲಿಕೆಗೆ ಬಳಸಬಾರದು’ ಎಂದು ಸೇರಿಸಿದೆ. ನಾಳೆ ಅವಳು ಇನ್ಯಾವ ಊರಿನ ಆಸ್ಪತ್ರೆಗೆ ಹೋದರೂ ಆ ಕಾಗದ ಓದುವವರು ನಾನು ಬಿದ್ದ ಹಳ್ಳಕ್ಕೆ ಬೀಳಬಾರದು.

ಡಾಕ್ಟರ ಜೊತೆ ಕೂತು ತಾಯಿಗೆ ಚಿತ್ರ ತೋರಿಸಿದೆವು, ಪಕ್ಕದಲ್ಲಿ ಮಾಮೂಲಿ ಕಣ್ಣಿನದ್ದೂ ಇಟ್ಟು. ‘ಪ್ಯಾಚ್ ಹಾಕಿದರೆ ಗುಳಿ ಆಗಲ್ಲಮ್ಮ. ಇವಳು ಹಠ ಮಾಡಿದ್ದಲ್ಲ, ಇರೋ ಒಂದು ದಾರಿಯನ್ನೂ ಮುಚ್ತಿದ್ದರಿಂದ ಕಿತ್ತಿದ್ದು’ ಎಂದರು ಡಾಕ್ಟರು. ತಾಯಿ ಬಹಳ ಹೊತ್ತು ಚಿತ್ರವನ್ನೇ ನೋಡಿದರು. ಆಮೇಲೆ ಮಗಳ ತಲೆ ಸವರಿದರು. ಚಿಕ್ಕಂದಿನಲ್ಲೇ ಪೂರ್ತಿ ಪವರ್ ಸಿಗದೆ ಹೋದರೆ ಇಂಥ ಕಣ್ಣಿಗೂ ಸೋಮಾರಿತನ ಸೇರಿಕೊಳ್ಳುತ್ತದೆ, ಅದು ಸುಳ್ಳಲ್ಲ. ಆದರೆ ಎರಡೂ ಕಣ್ಣು ಒಂದೇ ಸಮ ಮಂಕಾಗಿರುವ ಮಗುವಿಗೆ ರೆಟಿನಾ ನೋಡದೆ ವರ್ಷಗಟ್ಟಲೆ ಪ್ಯಾಚ್ ಹಾಕಿಸುವುದು ಅನ್ಯಾಯ.

ಕನ್ನಡಕದಲ್ಲೇ ಸರಿಪಡಿಸಬೇಕಾದದ್ದು ಬಹಳ ಇತ್ತು. ಅವಳ ಹಳೇ ಕನ್ನಡಕ ಪ್ಲಸ್ 11, ಬೇಕಿದ್ದದ್ದು 14.5. ಪ್ಲಸ್ 11ರ ಗಾಜು ಮೂಗಿನ ಮೇಲೆ 4 ಮಿ.ಮೀ. ಜಾರಿದರೂ ಪವರ್ ಸುಮಾರು ಅರ್ಧ ಡಯಾಪ್ಟರ್ ಏರಿದಂತಾಗುತ್ತದೆ. ಪಾಪ, ಪವರ್ ಸಾಲದ ಹುಡುಗಿ ತಾನಾಗಿಯೇ ಕನ್ನಡಕವನ್ನು ಮೂಗಿನ ತುದಿಗೆ ಎಳೆದುಕೊಂಡು ನೋಡುತ್ತಿದ್ದಳು. ಮನೆಯಲ್ಲಿ ಅದಕ್ಕೂ ಬೈಗುಳ ತಿಂದಿದ್ದಾಳೆ. ಚಿಕ್ಕ ಫ್ರೇಮ್, ಉಬ್ಬು ಕಡಿಮೆಯಿರುವ ಆಸ್ಫೆರಿಕ್ ಗಾಜು, ತಲೆಯ ಹಿಂದೆ ಕಟ್ಟುವ ಎಲಾಸ್ಟಿಕ್ ಪಟ್ಟಿ ಕೊಡಿಸಿದೆವು. ಮೂರು ತಿಂಗಳ ನಂತರ 6/24 ಇದ್ದ ದೃಷ್ಟಿ (ಮಾಮೂಲಿ ಕಣ್ಣು 24 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ ಓದುವಷ್ಟು) 6/18ಕ್ಕೆ ಬಂತು. ಒಂದೇ ಸಾಲು. ಅಷ್ಟಕ್ಕೇ ‘ಷ’ ಕಾಣಿಸಿತು. ಬಿಎಂಟಿಸಿ ಬಸ್ಸಿನ ನಂಬರು ಇನ್ನೂ ಹತ್ತಿರ ಬಂದ ಮೇಲೇ ಕಾಣುವುದು, ಅದನ್ನು ಮನೆಯವರಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದೇವೆ. ಶಾಲೆಗೆ ಮೊದಲ ಬೆಂಚು, ದೊಡ್ಡಕ್ಷರದ ಪ್ರಶ್ನೆಪತ್ರಿಕೆ ಕೇಳಿ ಪತ್ರ ಕೊಟ್ಟೆವು. ಒತ್ತಡ, ಕೋನದ ಪರೀಕ್ಷೆ ಮಾತ್ರ ಬದುಕಿಡೀ ತಪ್ಪಿಸುವಂತಿಲ್ಲ. ಮುಂದೆ ಕ್ಯಾಟರ್ಯಾಕ್ಟ್ ಬಂದರೆ ಆಪರೇಷನ್ ಮಾಡುವವರಿಗೆ ಕಣ್ಣಿನ ಉದ್ದ ಮೊದಲೇ ತಿಳಿದಿರಬೇಕು. ದಪ್ಪ ಹೊರಗೋಡೆಯ ಈ ಕಣ್ಣುಗಳಲ್ಲಿ ಆಪರೇಷನ್ ವೇಳೆ ಕೋರಾಯ್ಡಿನೊಳಗೆ ನೀರು ತುಂಬಿಕೊಳ್ಳುವ ಅಪಾಯವಿದೆ.

ಆ ಮೊದಲ ದಿನವೇ ಇನ್ನೊಂದು ಪ್ರಶ್ನೆ ಕೇಳಿದ್ದೆ: ಸಂಬಂಧದಲ್ಲಿ ಮದುವೆಯಾ? ಹೌದು, ಸೋದರಮಾವನಿಗೇ ಕೊಟ್ಟಿದ್ದರು. ಎಂಎಫ್‌ಆರ್‌ಪಿಯಂಥ ಜೀನಿನ ದೋಷ ಅಪ್ಪ ಅಮ್ಮ ಎರಡೂ ಕಡೆಯಿಂದ ಬಂದು ಸೇರಿದಾಗ ಇಂಥ ಕಣ್ಣಾಗಬಹುದು. ಕೆಲವರಲ್ಲಿ ಜೊತೆಗೆ ಇರುಳುಗುರುಡೂ ಬರುತ್ತದೆ. ಅದಕ್ಕೇ ಕರೆಂಟ್ ಹೋದಾಗ ಮಕ್ಕಳು ತಡವರಿಸುತ್ತಾರಾ ಎಂದೂ ಕೇಳುತ್ತೇನೆ. ಹೊರಗಿನ ಬೆಂಚಿನ ಮೇಲೆ ಬಿಸ್ಕತ್ತು ತಿನ್ನುತ್ತಾ ನಾಲ್ಕು ವರ್ಷದ ತಮ್ಮ ಕೂತಿದ್ದ. ‘ಅವನಿಗೇನಿಲ್ಲ ಮೇಡಂ, ಚೆನ್ನಾಗಿ ಆಡ್ಕೊಂಡಿರ್ತಾನೆ,’ ಎಂದರು ತಾಯಿ. ಆದರೂ ಕರೆಸಿದೆ. ಅಕ್ಕನ ಮಡಿಲಲ್ಲಿ ಕೂತು ಯಂತ್ರದ ಕೆಂಪು ಚುಕ್ಕಿ ನೋಡಿದ. 17.3 ಮಿ.ಮೀ.

ಅವನ ಓಸಿಟಿ ಇನ್ನೂ ಸರಿಯಾಗಿ ಸಿಕ್ಕಿಲ್ಲ, ಗಲ್ಲ ಇಡುವ ಸ್ಟ್ಯಾಂಡಿಗೆ ಎಟುಕುವುದಿಲ್ಲ, ಎಟುಕಿದರೂ ಕ್ಷಣಮಾತ್ರ. ಆರು ತಿಂಗಳು ಬಿಟ್ಟು ಮತ್ತೆ ಕರೆದಿದ್ದೇನೆ. ಕನ್ನಡಕ ಮಾತ್ರ ಅದೇ ವಾರ ಬಂತು. ಅವನ ತಲೆಯ ಹಿಂದೆ ಪಟ್ಟಿ ಬಿಗಿದು ಸರಿಮಾಡಿದವಳು ಅಕ್ಕ.