ಫ್ರೆಂಡ್ಸ್ ಐದನೇ ಸೀಸನ್ನಿಗೆ ಕನ್ನಡ ಸಬ್‌ಟೈಟಲ್ ಬರೆಯುವುದು ಹೇಗೆ

ಆರು ಜನ ಗೆಳೆಯ ಗೆಳತಿಯರ ಹಾಸ್ಯ ಧಾರಾವಾಹಿ ಫ್ರೆಂಡ್ಸ್‌ನ ಐದನೇ ಸೀಸನ್ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ 1998ರ ಸೆಪ್ಟೆಂಬರ್‌ನಿಂದ 1999ರ ಮೇ ತನಕ ಬಂತು. 24 ಕಂತು, ಒಂದೊಂದೂ ಸುಮಾರು 22 ನಿಮಿಷ. ದಾವಣಗೆರೆಯ ಹಾಸ್ಟೆಲ್ ರೂಮುಗಳಲ್ಲಿ ಇದನ್ನು ಇಂಗ್ಲಿಷಿನಲ್ಲೇ ನೋಡುವವರು ಬೇಕಾದಷ್ಟು ಇದ್ದಾರೆ. ಮನೆಯಲ್ಲಿ ಅಮ್ಮನನ್ನೋ ದೊಡ್ಡಪ್ಪನನ್ನೋ ಪಕ್ಕ ಕೂರಿಸಿಕೊಂಡು ನೋಡಬೇಕಾದರೆ ಮಾತ್ರ ಕನ್ನಡ ಸಾಲು ಬೇಕೇ ಬೇಕು. ಈ ಧಾರಾವಾಹಿಯ ಹೆಚ್ಚಿನ ಭಾಗ ಪ್ರೇಕ್ಷಕರ ಎದುರೇ ಚಿತ್ರೀಕರಣವಾದದ್ದು, ಅವರ ನಗು ಕೇಳಿಸುತ್ತದೆ. ಆ ನಗು ಬಂದ ಹೊತ್ತಿಗೇ ದಾವಣಗೆರೆಯ ನಿಟುವಳ್ಳಿಯ ಮನೆಯಲ್ಲಿ ಕೂತವರಿಗೂ ನಗು ಬರಬೇಕು. ಸಾಲು ಎಷ್ಟೇ ಚೆನ್ನಾಗಿದ್ದರೂ ನಗು ತಡವಾದರೆ ಆ ಸಾಲು ಸೋತ ಹಾಗೆ.

ಶುರು ಮಾಡುವ ಮುಂಚೆ ನಾಲ್ಕನೇ ಸೀಸನ್ನಿನ ಲಂಡನ್ ಕಂತುಗಳನ್ನು ನೋಡಿಕೊಳ್ಳಿ. ಮದುವೆ ಮಂಟಪದಲ್ಲಿ ರಾಸ್ ಮದುಮಗಳು ಎಮಿಲಿಯ ಹೆಸರು ಹೇಳುವ ಬದಲು ರೇಚಲ್‌ನ ಹೆಸರು ಹೇಳಿಬಿಡುತ್ತಾನೆ. ಐದನೆಯದು ಅಲ್ಲಿಂದಲೇ ಶುರು. ಆಮೇಲೆ ಒಂದು ಹಾಳೆಯಲ್ಲಿ ಇಷ್ಟು ಬರೆದು ಗೋಡೆಗೆ ಅಂಟಿಸಿ: ಮೋನಿಕಾ ಮತ್ತು ಚಾಂಡ್ಲರ್ ಜೋಡಿಯಾಗಿರುವ ಗುಟ್ಟು ಜೋಯಿಗೆ ಗೊತ್ತಾಗುವುದು 5ನೇ ಕಂತಿನಲ್ಲಿ, ರೇಚಲ್‌ಗೆ 11ರಲ್ಲಿ, ಫೀಬಿಗೂ ರಾಸ್‌ಗೂ 14ರಲ್ಲಿ. ಯಾರ ಎದುರು ಯಾರು ಏನನ್ನು ಮುಚ್ಚಿಡುತ್ತಿದ್ದಾರೆ ಎನ್ನುವುದು ತಲೆಯಲ್ಲಿ ಇಲ್ಲದಿದ್ದರೆ ಅನುವಾದದಲ್ಲೇ ಗುಟ್ಟು ಒಡೆದುಹೋಗುತ್ತದೆ.

ಗುಟ್ಟು ಒಡೆಯುವುದು ಹೆಚ್ಚಾಗಿ ಲಿಂಗದಿಂದ. ಇಂಗ್ಲಿಷಿನ ಫ್ರೆಂಡ್ ಹುಡುಗನೂ ಆಗಬಹುದು, ಹುಡುಗಿಯೂ ಆಗಬಹುದು. ಗೆಳೆಯ, ಗೆಳತಿ ಎಂದು ಬರೆದ ತಕ್ಷಣ ಮುಗಿಯಿತು. ಅಂಥ ಕಡೆ ಫ್ರೆಂಡ್ ಎಂದೇ ಇಡಿ, ಕ್ರಿಯಾಪದವನ್ನು ‘ಬಂದಿದ್ರು’, ‘ಹೇಳಿದ್ರು’ ಎಂದು ಬಹುವಚನಕ್ಕೆ ತನ್ನಿ. 3ನೇ ಕಂತಿನಲ್ಲಿ ಫೀಬಿ ತನ್ನ ತಮ್ಮನಿಗಾಗಿ ಮೂರು ಮಕ್ಕಳನ್ನು ಹೆರುತ್ತಾಳೆ. ಚಾಂಡ್ಲರ್ ಎಂದು ಹೆಸರಿಟ್ಟ ಕೂಸು ಹೆಣ್ಣೆಂದು ಆಮೇಲೆ ತಿಳಿಯುತ್ತದೆ. ಇಲ್ಲಿ ಕನ್ನಡ ನಮ್ಮ ಕಡೆಗಿದೆ: ‘ಮಗು ಹುಟ್ಟಿತು’ ಎಂದರೆ ಸಾಕು, ಯಾವ ಸುಳಿವೂ ಹೋಗುವುದಿಲ್ಲ.

ಇಂಗ್ಲಿಷಿನ ಸಿಸ್ಟರ್ ಅಕ್ಕನೋ ತಂಗಿಯೋ ಹೇಳುವುದಿಲ್ಲ. ರಾಸ್ ದೊಡ್ಡವನು, ಆದ್ದರಿಂದ ಮೋನಿಕಾ ಅವನ ‘ತಂಗಿ’. ‘ಸಹೋದರಿ’ ಬೇಡ, ಅದು ಭಾಷಣದ ಮಾತು. ಮೋನಿಕಾಳ ಬಾಯಲ್ಲಿ ಪ್ರತಿ ಸಾಲಿಗೂ ‘ಅಣ್ಣ’ ಹಾಕಬೇಕಿಲ್ಲ. ಅವಳು ನಿಜವಾಗಿ ಬೇಡಿಕೊಳ್ಳುವ ಕಡೆ ಒಂದು ಸಲ ಬಂದರೆ ನಾಟುತ್ತದೆ. ಆರು ಜನರೂ ಒಬ್ಬರಿಗೊಬ್ಬರು ‘ನೀನು’. ಜೋಯಿ, ಚಾಂಡ್ಲರ್, ರಾಸ್ ನಡುವೆ ನಮ್ಮೂರಿನ ‘ಲೇ’ ಸಲೀಸಾಗಿ ಕೂರುತ್ತದೆ: ‘ಏನ್ಲೇ’, ‘ಬಾರ್ಲೇ’. ಆದರೆ ಇಡೀ ಕಂತನ್ನು ‘ಐತೆ’, ‘ಅದಾವೆ’ ಎಂದು ಬರೆಯಬೇಡಿ. ಕಿವಿಗೆ ಹಿತವಾದದ್ದು ಕಣ್ಣಿಗೆ ನಿಧಾನ. ಓದುವವರು ಎಡವುತ್ತಾರೆ, ಅಷ್ಟರಲ್ಲಿ ಸಾಲು ಹೋಗಿರುತ್ತದೆ.

ಈಗ ಅಳತೆ. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಇಂಗ್ಲಿಷಿಗೆ ಸಾಲಿಗೆ 42 ಅಕ್ಷರ ಎಂಬ ಲೆಕ್ಕ ರೂಢಿಯಲ್ಲಿದೆ, ಕನ್ನಡಕ್ಕೆ ಅದು ಹೊಂದುವುದಿಲ್ಲ. ‘ಸ್ತ್ರೀ’ ನಮಗೆ ಒಂದಕ್ಷರ, ಕಂಪ್ಯೂಟರಿಗೆ ಆರು. ಆದ್ದರಿಂದ ಸಾಫ್ಟ್‌ವೇರ್ ಕೆಂಪು ಬಣ್ಣ ತೋರಿಸಿತೆಂದು ಸಾಲು ಕತ್ತರಿಸಬೇಡಿ, ಬಾಯಲ್ಲಿ ಹೇಳಿಕೊಂಡು ಎಣಿಸಿ. ಸಾಲಿಗೆ 20 ಅಕ್ಷರ, ಒಂದು ಸಲಕ್ಕೆ ಎರಡೇ ಸಾಲು, ಸೆಕೆಂಡಿಗೆ 8 ಅಕ್ಷರ. ಮುಂದೆ ಪೇಪರಿನ ಮೇಲೆ ಮಂಡಕ್ಕಿ ಮೆಣಸಿನಕಾಯಿ ಇದ್ದರೆ ನೋಡುವವರ ಕಣ್ಣು ಆಗಾಗ ಕೆಳಗಿಳಿಯುತ್ತದೆ, ಇದಕ್ಕಿಂತ ಬಿಗಿ ಮಾಡಿದರೆ ಅರ್ಧ ಮಾತು ತಪ್ಪಿಹೋಗುತ್ತದೆ. ಯಾವ ಸಾಲೂ ಒಂದು ಸೆಕೆಂಡಿಗಿಂತ ಕಮ್ಮಿ, 7 ಸೆಕೆಂಡಿಗಿಂತ ಜಾಸ್ತಿ ಇರಬಾರದು. ಎರಡರ ನಡುವೆ ಎರಡು ಫ್ರೇಮಿನಷ್ಟು (ವಿಡಿಯೊದ ಎರಡು ಬಿಡಿ ಚಿತ್ರದಷ್ಟು) ಖಾಲಿ ಬಿಡಿ, ಇಲ್ಲದಿದ್ದರೆ ಸಾಲು ಬದಲಾದದ್ದೇ ಕಣ್ಣಿಗೆ ಗೊತ್ತಾಗುವುದಿಲ್ಲ.

ಸೀಸನ್ನಿನ ಅತಿ ಕಷ್ಟದ ಸಾಲು 14ನೇ ಕಂತಿನಲ್ಲಿ ಫೀಬಿಯ ಬಾಯಲ್ಲಿದೆ, ಗೊತ್ತಿರುವುದರ ಮೇಲೆ ಗೊತ್ತಿರುವುದನ್ನು ಪೇರಿಸುವ ಮಾತು. ಇಂಗ್ಲಿಷಿನಲ್ಲಿ ಅದು ಹೊರಗಿನ ಪದರದಿಂದ ಒಳಕ್ಕೆ ಹೋಗುತ್ತದೆ. ಕನ್ನಡಕ್ಕೆ ಒಳಗಿನಿಂದ ಹೊರಗೆ ಕಟ್ಟಬೇಕು:

00:12:31,200 --> 00:12:35,000
ನಮಗೆ ಗೊತ್ತು ಅಂತ ಅವ್ರಿಗೆ ಗೊತ್ತು ಅಂತ
ನಮಗೆ ಗೊತ್ತು ಅಂತ ಅವ್ರಿಗೆ ಗೊತ್ತಿಲ್ಲ!

(ಸಮಯ ಬರೀ ಮಾದರಿಗೆ, ನಿಮ್ಮ ಪ್ರತಿಯದ್ದನ್ನು ನೀವೇ ಹಾಕಿ.) ಮೇಲಿನ ಸಾಲಿಗೆ 14, ಕೆಳಗಿನದಕ್ಕೆ 13 ಅಕ್ಷರ. 27 ಅಕ್ಷರಕ್ಕೆ ಸುಮಾರು ಮೂರೂವರೆ ಸೆಕೆಂಡು ಬೇಕು. ಫೀಬಿ ಬೇಗ ಮುಗಿಸಿದರೂ ಸಾಲನ್ನು ನಗುವಿನೊಳಕ್ಕೆ ಸ್ವಲ್ಪ ಎಳೆಯಿರಿ. ‘ನಮಗೆ ತಿಳಿದಿರುವ ವಿಷಯವು ಅವರಿಗೆ ತಿಳಿದಿದೆಯೆಂಬುದು’ ಎಂದು ಬಿಡಿಸಿ ಬರೆದವರಿಗೆ ಅರ್ಥ ಉಳಿಯುತ್ತದೆ, ನಗು ಉಳಿಯುವುದಿಲ್ಲ. ಒಂದೇ ಪದ ಬಡಿದು ಬಡಿದು ಬರುವುದರಲ್ಲೇ ತಮಾಷೆ ಇದೆ. ‘ಗೊತ್ತಿಲ್ಲ’ ಕೊನೆಗೆ ಬೀಳುವುದು ಕನ್ನಡದ ಸಹಜ ಲಾಭ.

ಇದೇ ಗುಣ ಬೇರೆ ಕಡೆ ಕೆಡುಕೂ ಮಾಡುತ್ತದೆ. ನಟ ಅರ್ಧ ಹೇಳಿ, ಉಸಿರು ಹಿಡಿದು, ಕೊನೆಯ ಮಾತು ಬಿಡುತ್ತಾನೆ ಅಂದುಕೊಳ್ಳಿ. ಇಡೀ ವಾಕ್ಯವನ್ನು ಒಟ್ಟಿಗೆ ಹಾಕಿದರೆ ನೋಡುವವರು ಅವನಿಗಿಂತ ಮುಂಚೆಯೇ ಓದಿ ನಕ್ಕುಬಿಡುತ್ತಾರೆ. ಅವನು ನಿಲ್ಲಿಸಿದ ಕಡೆಯೇ ಸಾಲನ್ನೂ ಒಡೆಯಿರಿ.

16ನೇ ಕಂತಿನ ಸೋಫಾ. ರಾಸ್ ಸೋಫಾವನ್ನು ಇಕ್ಕಟ್ಟಿನ ಮೆಟ್ಟಿಲಲ್ಲಿ ಏರಿಸುತ್ತ ‘ಪಿವಟ್’ ಎಂಬ ಒಂದೇ ಪದವನ್ನು ಮತ್ತೆ ಮತ್ತೆ ಕೂಗುತ್ತಾನೆ. ನಮ್ಮಲ್ಲಿ ಮಂಚವನ್ನೋ ಬೀರುವನ್ನೋ ಮಹಡಿಗೆ ಹತ್ತಿಸುವಾಗ ಕೂಗುವ ‘ತಿರುವ್ರಿ!’ ಸರಿಯಾಗಿ ಕೂರುತ್ತದೆ. ಎದುರಿಗೆ ಇಬ್ಬರಿದ್ದಾರೆ, ಬಹುವಚನವೇ ಸರಿ. ‘ಪರಿಭ್ರಮಿಸಿ’ ಎಂದರೆ ಸೋಫಾ ಅಲ್ಲೇ ಉಳಿಯುತ್ತದೆ. ಕೂಗುಗಳು ಒಂದು ಸೆಕೆಂಡಿಗಿಂತ ಹತ್ತಿರ ಬಂದ ಕಡೆ ಎರಡನ್ನು ಒಂದೇ ಸಬ್‌ಟೈಟಲ್‌ನಲ್ಲಿ ಮೇಲೆ ಕೆಳಗೆ ಇಡಿ.

ಊಟದ ವಿಷಯದಲ್ಲಿ ಕೈ ತಡೆದುಕೊಳ್ಳಿ. 8ನೇ ಕಂತಿನ ಥ್ಯಾಂಕ್ಸ್‌ಗಿವಿಂಗ್‌ಅನ್ನು ದೀಪಾವಳಿ ಮಾಡಬೇಡಿ, 9ನೇ ಕಂತಿನಲ್ಲಿ ಕಚೇರಿಯಲ್ಲಿ ಯಾರೋ ತಿಂದುಬಿಡುವ ರಾಸ್‌ನ ಸ್ಯಾಂಡ್‌ವಿಚ್ಚನ್ನು ಬೆಣ್ಣೆದೋಸೆ ಮಾಡಬೇಡಿ. ಪರದೆಯ ಮೇಲೆ ಬ್ರೆಡ್ಡೇ ಕಾಣುತ್ತಿರುತ್ತದೆ. ಮೊದಲ ಸಲ ‘ಥ್ಯಾಂಕ್ಸ್‌ಗಿವಿಂಗ್ ಹಬ್ಬ’, ಆಮೇಲೆ ಬರೀ ‘ಹಬ್ಬ’. ಮೋನಿಕಾ ತಲೆಗೆ ಹಾಕಿಕೊಳ್ಳುವುದು ‘ಟರ್ಕಿ ಕೋಳಿ’. ಬರೀ ಟರ್ಕಿ ಅಂದರೆ ದೇಶ ನೆನಪಾಗುತ್ತದೆ. ಸ್ಯಾಂಡ್‌ವಿಚ್ಚಿನ ನಡುವಿನ, ಗ್ರೇವಿಯಲ್ಲಿ ಅದ್ದಿದ ತುಂಡಿಗೆ ‘ನೆನೆಸಿದ ಬ್ರೆಡ್’ ಸಾಕು. ಅದು ಹಬ್ಬದಲ್ಲಿ ಉಳಿದದ್ದರಿಂದ ಮಾಡಿದ ಸ್ಯಾಂಡ್‌ವಿಚ್, ಹಬ್ಬದ ಮಾರನೇ ದಿನದ ತಂಗಳಿನ ಬೆಲೆ ಯಾರಿಗೂ ವಿವರಿಸಬೇಕಿಲ್ಲ.

ಕಡತ ಉಳಿಸುವಾಗಲೇ ಹೆಚ್ಚು ಜನ ಸೋಲುವುದು. ನುಡಿ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ, ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಉಳಿಸುವಾಗ ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8 ಆರಿಸಿ, ಇಲ್ಲದಿದ್ದರೆ ಎಲ್ಲ ಪ್ರಶ್ನಾರ್ಥಕ ಚಿಹ್ನೆ. ಸಮಯದಲ್ಲಿ ಸೆಕೆಂಡಿನ ನಂತರ ಚುಕ್ಕಿ ಅಲ್ಲ, ಅಲ್ಪವಿರಾಮ. ‘ರಾಸ್‌ಗೆ’ ಬರೆಯುವಾಗ ಸ್ ಮತ್ತು ಗೆ ನಡುವೆ ಜೀರೋ ವಿಡ್ತ್ ನಾನ್ ಜಾಯ್ನರ್ (ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ) ಇಡದಿದ್ದರೆ ‘ರಾಸ್ಗೆ’ ಎಂದು ಒತ್ತಕ್ಷರವಾಗುತ್ತದೆ, ಓದುವವರು ಅಲ್ಲೇ ಒಂದು ಕ್ಷಣ ನಿಲ್ಲುತ್ತಾರೆ. ವಿಎಲ್‌ಸಿ ಪ್ಲೇಯರ್‌ನಲ್ಲಿ ಅಕ್ಷರದ ಬದಲು ಚೌಕಗಳು ಕಂಡರೆ ಸಬ್‌ಟೈಟಲ್ ಫಾಂಟನ್ನು ನಿರ್ಮಲಾ ಯುಐ ಅಥವಾ ನೋಟೊ ಸಾನ್ಸ್ ಕನ್ನಡಕ್ಕೆ ಬದಲಿಸಿ. ಕೆಲವು ಟಿವಿಗಳಿಗೆ ಪೆನ್‌ಡ್ರೈವ್ ಹಾಕಿದರೆ ಒತ್ತಕ್ಷರ, ಗುಣಿತ ಎಲ್ಲ ಬಿಡಿಬಿಡಿಯಾಗಿ ನಿಲ್ಲುತ್ತವೆ. ಅದು ಕಡತದ ತಪ್ಪಲ್ಲ, ಟಿವಿಗೆ ಕನ್ನಡ ಜೋಡಿಸಲು ಬರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ಎಚ್‌ಡಿಎಂಐ ಕೇಬಲ್ಲಿನಿಂದ ಟಿವಿಗೆ ಕೊಡಿ.

ಮಾತಿಗೂ ಸಾಲಿಗೂ ತಾಳ ತಪ್ಪಿದರೆ ಮೊದಲು ಹೇಗೆ ತಪ್ಪಿದೆ ನೋಡಿ. ಮೊದಲು ಸರಿಯಿದ್ದು ಬರಬರುತ್ತ ದೂರವಾದರೆ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ) ಬೇರೆ. 23.976ಕ್ಕೆ ಬರೆದದ್ದನ್ನು 25ರ ಪ್ರತಿಗೆ ಹಾಕಿದರೆ 22 ನಿಮಿಷದ ಕೊನೆಗೆ ಸುಮಾರು 54 ಸೆಕೆಂಡು ವ್ಯತ್ಯಾಸ ಬರುತ್ತದೆ. ಸಾಫ್ಟ್‌ವೇರ್‌ನಲ್ಲಿ ಫ್ರೇಮ್ ರೇಟ್ ಬದಲಿಸಿದರೆ ಸರಿಹೋಗುತ್ತದೆ. ಒಂದು ದೃಶ್ಯದ ತನಕ ಸರಿಯಿದ್ದು ಅಲ್ಲಿಂದ ಒಮ್ಮೆಲೇ ತಪ್ಪಿದರೆ ನಿಮ್ಮ ಪ್ರತಿಯಲ್ಲಿ ಹೆಚ್ಚಿನ ತುಣುಕು ಸೇರಿದೆ ಎಂದರ್ಥ. ಅಮೆರಿಕದ ಡಿವಿಡಿಗಳಲ್ಲಿ ಹೀಗೆ ಉದ್ದ ಮಾಡಿದ ಕಂತುಗಳಿವೆ. ಅಲ್ಲಿಂದ ಮುಂದಿನ ಸಾಲುಗಳನ್ನು ಮಾತ್ರ ಸರಿಸಿ. ಮಾತು, ದೃಶ್ಯ ಎಲ್ಲ ವಾರ್ನರ್ ಬ್ರದರ್ಸ್‌ನವರ ಸೊತ್ತು. ನೀವು ದುಡ್ಡು ಕೊಟ್ಟು ಕೊಂಡ ಪ್ರತಿಗೆ, ಮನೆಯವರ ಜೊತೆ ನೋಡುವುದಕ್ಕಷ್ಟೇ ಬರೆಯಿರಿ.

ಕಂತು ಮುಗಿದ ಮೇಲೆ ಇಂಗ್ಲಿಷ್ ಅಷ್ಟಾಗಿ ಬಾರದ ಒಬ್ಬರನ್ನು ಕೂರಿಸಿ ತೋರಿಸಿ. ಟಿವಿ ಕಡೆ ನೋಡಬೇಡಿ, ಅವರ ಮುಖ ನೋಡಿ. ಟಿವಿಯೊಳಗೆ ನಗು ಕೇಳಿದ ಮೇಲೆ ಅವರು ನಕ್ಕರೆ ನಿಮಿಷ ಬರೆದುಕೊಳ್ಳಿ, ಆ ಸಾಲು ಉದ್ದವಾಗಿದೆ. ಮುಂಚೆಯೇ ನಕ್ಕರೂ ಬರೆದುಕೊಳ್ಳಿ, ಆ ಸಾಲನ್ನು ಒಡೆಯಬೇಕು. ‘ಏನಂದ ಅವ್ನು?’ ಎಂದು ನಿಮ್ಮ ಕಡೆ ತಿರುಗಿದರೆ ಅಲ್ಲೇ ನಿಲ್ಲಿಸಿ, ನೀವು ಬಾಯಲ್ಲಿ ಏನು ಹೇಳಿ ತಿಳಿಸುತ್ತೀರೋ ಅದನ್ನೇ ಆ ಜಾಗಕ್ಕೆ ಟೈಪ್ ಮಾಡಿ.